ಸರಿ, ರದ್ದು

ಬಿತ್ತನೆ ಆಲೂಗಡ್ಡೆಗೆ ಟೋಕನ್ ಕೊಡುವ ತಂತ್ರಾಂಶ ಬರೆದವಳು ನಾನೇ,
ಸಾಲಗಾಮೆ ರಸ್ತೆಯಲ್ಲಿ, ಬೇಕರಿಯ ಮೇಲಿನ ಕೋಣೆಯಲ್ಲಿ,
ಬನ್ನಿನ ವಾಸನೆ ಕುಡಿಯುತ್ತಾ ಹನ್ನೊಂದೇ ದಿನದಲ್ಲಿ.
ಕೇಳಬೇಕಾದ್ದನ್ನೆಲ್ಲ ಬ್ರೌಸರೇ ಕೇಳಿಬಿಡುತ್ತಿತ್ತು:
ಒಂದು ಸಾಲು ಬರೆದರೆ ಒಂದು ಬೂದು ಪೆಟ್ಟಿಗೆ
ಎದ್ದು ಬಂದು ಪರದೆಯ ನಡುವೆ ಕೂರುತ್ತಿತ್ತು.
ಅದು ಏಳುವ ತನಕ ಊರೆಲ್ಲ ಸ್ತಬ್ಧ.
ಬಿಟ್ಟಿ ಬಂದ ಹಸು. ನಾನು ಹಲ್ಲು ನೋಡಲಿಲ್ಲ.

ಮೇ ತಿಂಗಳು. ಎಪಿಎಂಸಿ ಅಂಗಳದ ಸಾಲು
ಗೇಟು ದಾಟಿ ಟೀ ಗಾಡಿಗೆ ಸುತ್ತು ಹಾಕಿತ್ತು.
ಮೂರನೇ ಕೌಂಟರಿನಲ್ಲಿ ತೀರ್ಥೇಶ.
ಎಡಗಿವಿ ಇಯರ್‌ಫೋನಿಗೆ, ಬಲಗಿವಿ ರೈತರಿಗೆ.
ಹುಟ್ಟಿದಾಗಿನಿಂದ ಕಣ್ಣಿಲ್ಲ; ಬೆರಳು ಮಾತ್ರ
ಕೀಲಿಗಳ ಮೇಲೆ ಅವರೆಕಾಯಿ ಸುಲಿದಷ್ಟು ಸಲೀಸು.

ದೂರು ಬಂತು: ನಲವತ್ತೊಂದನೇ ಟೋಕನ್ ಮಾಯ.
ದೊಡ್ಡಕೊಂಡಗುಳದ ಜವರಮ್ಮ. ಒಂದು ಎಕರೆ. ಹನ್ನೆರಡು ಮೂಟೆ.

ಹೋದೆ. ಅವನು ರೇಗಲಿಲ್ಲ.
ಇಯರ್‌ಫೋನಿನ ಒಂದು ತುದಿ ನನ್ನ ಕೈಗಿಟ್ಟ:
"ನೀವೇ ಕೇಳ್ಕಳಿ."

ಮೊದಲು ಯಾವುದೋ ಸರ್ವರಿನ ವಿಳಾಸ,
ಚುಕ್ಕಿ, ಗೆರೆ, ಮತ್ತೆ ಚುಕ್ಕಿ, "ಹೀಗೆ ಹೇಳುತ್ತದೆ."
ಹಾಸನದಲ್ಲಿ ಯಾರಿಗೂ ಗೊತ್ತಿಲ್ಲದವನೊಬ್ಬ
ಜವರಮ್ಮನ ಮೂಟೆಯ ಬಗ್ಗೆ ಏನೋ ಹೇಳುತ್ತಾನೆ!
ಆಮೇಲೆ ನನ್ನ ಪ್ರಶ್ನೆ: ಟೋಕನ್ ರದ್ದು ಮಾಡಲೇ?
ಕೆಳಗೆ ಎರಡು ಗುಂಡಿ. ಸರಿ. ರದ್ದು.

"ಈಗ ಹೇಳಿ ಮೇಡಂ, ರದ್ದು ಬ್ಯಾಡ ಅನ್ನೋನು
ರದ್ದು ಒತ್ಬೇಕೋ, ಸರಿ ಒತ್ಬೇಕೋ?"

ಬಾಯಿ ತೆರೆದೆ. ಮುಚ್ಚಿದೆ.
ಗುಂಡಿ ಅಂದರೆ ನಮ್ಮಲ್ಲಿ ಒತ್ತುವುದಕ್ಕೂ ಹೌದು,
ಬೀಳುವುದಕ್ಕೂ ಹೌದು.

ಆ ರಾತ್ರಿಯೇ ನನ್ನದೇ ಪೆಟ್ಟಿಗೆ ಕಟ್ಟಲು ಕೂತೆ.
ದುಂಡು ಮೂಲೆ, ಗರಿಕೆ ಹಸಿರು, ತೆಳ್ಳನೆ ನೆರಳು,
ಮೆಲ್ಲಗೆ ತೇಲಿ ಬರುವ ಹಾಗೆ ಒಂದು ಚಲನೆ ಬೇರೆ.
ಎರಡನೇ ಕೌಂಟರಿನ ನಸೀಮಾ ಬಾಯಿ ತುಂಬ ಹೊಗಳಿದರು.
ತೀರ್ಥೇಶ ಕೀಲಿ ಒತ್ತಿದ, ಕಾದ, ಮತ್ತೆ ಒತ್ತಿದ.
"ಎಲ್ಲೈತೆ?"

ಕಣ್ಣೆದುರಿಗೇ ಇತ್ತು, ಕಣ್ಣಿದ್ದವರಿಗೆ.
ಪೆಟ್ಟಿಗೆ ಮುಂದೆ ಬಂದಿತ್ತು, ಒಳಗಿನ ಗಮನ ಹಿಂದೆಯೇ ಉಳಿದಿತ್ತು.
ಅವನ ಬೆರಳು ಮುಚ್ಚಿದ ಪುಟದೊಳಗೆ ತಡಕುತ್ತಿತ್ತು,
ಕರೆಂಟು ಹೋದ ಮನೆಯಲ್ಲಿ ನಾವು ಬೆಂಕಿಪೊಟ್ಟಣ ಹುಡುಕುವ ಹಾಗೆ.
"ಆ ಹಳೇದು ಪೆದ್ದು, ಒಪ್ಕತೀನಿ.
ಆದ್ರೂ ಮಾತಾಡ್ಸೋದು. ಇದು ಮೂಗ."

ಅವತ್ತು ಚಲನೆ ತೆಗೆದೆ. ನೆರಳು ತೆಗೆದೆ.
ಪೆಟ್ಟಿಗೆಗೆ ಒಂದು ಹೆಸರಿಟ್ಟೆ, ಬಂದ ಕೂಡಲೇ
ತಾನಾರು, ಯಾಕೆ ಬಂದೆ ಅಂತ ಅದೇ ಹೇಳಲಿ ಅಂತ.
ಟ್ಯಾಬ್ ಒತ್ತಿದರೆ ಒಳಗೊಳಗೇ ಸುತ್ತಬೇಕು, ಹೊರಗೆ ಜಾರಬಾರದು;
ಎಸ್ಕೇಪ್ ಒತ್ತಿದರೆ ಬಾಗಿಲು ತೆರೆಯಬೇಕು;
ಮುಚ್ಚಿದ ಮೇಲೆ ನಡುದಾರಿಯಲ್ಲಿ ಇಳಿಸದೆ
ಕರೆದ ಸಾಲಿಗೇ, ಕರೆದ ಹೆಸರಿಗೇ ತಂದು ಬಿಡಬೇಕು.
ಇಷ್ಟಕ್ಕೆ ನಾಲ್ಕು ರಾತ್ರಿ. ಕೆಳಗೆ ಬೇಕರಿಯವರು
ಒಲೆ ಹೊತ್ತಿಸುವ ಹೊತ್ತಿಗೆ ನಾನು ಮಲಗುತ್ತಿದ್ದೆ.

ಗುಂಡಿಯ ಮೇಲಿನ ಮಾತಿಗೆ ಮಾತ್ರ ಅವನನ್ನೇ ಕೇಳಿದೆ.
"ತೆಗೆದುಹಾಕಿ ಅಂತ ಒಂದು. ಇನ್ನೊಂದು..."
ಟೀ ಲೋಟ ತಿರುಗಿಸುತ್ತ ಯೋಚಿಸಿದ.
"ಇರ್ಲಿ ಅಂತ ಹಾಕಿ.
ಬೆರಳು ಮೊದ್ಲು ಅದ್ರ ಮ್ಯಾಲೇ ನಿಲ್ಲಂಗಿರ್ಲಿ.
ಸಾಲು ಕಿರುಚ್ತಾ ಇದ್ರೆ ನಂಗೂ ಕೈ ತಪ್ತದೆ."

ಜವರಮ್ಮ ಅಷ್ಟರಲ್ಲಿ ಜೋಳ ಬಿತ್ತಿದ್ದರಂತೆ.
ಹೊಸ ಪೆಟ್ಟಿಗೆಯ ವಿಷಯ ಹೇಳಲು ಹೋದೆ;
ಅವರು ಎಮ್ಮೆಗೆ ನೀರು ತೋರಿಸುತ್ತಿದ್ದರು,
"ಮುಂದಿನ್ ವರ್ಸಕ್ಕಾಗ್ತದಲ್ಲ" ಅಂದರು, ತಿರುಗಿ ನೋಡಲಿಲ್ಲ.

ವರ್ಷದ ಲೆಕ್ಕ ಮುಗಿಸುವಾಗ ಪಟ್ಟಿಯಲ್ಲಿ
ನಲವತ್ತಾದ ಮೇಲೆ ನಲವತ್ತೆರಡು.
ಖಾಲಿ ಸಾಲು ತೆಗೆದುಹಾಕಬೇಕೆ, ಕೇಳಿತು ಪೆಟ್ಟಿಗೆ,
ನಾನೇ ಕಲಿಸಿದ ದನಿಯಲ್ಲಿ.

ಇರಲಿ.